ಮೂರನೇ ಮಹಡಿಯ ಸೂರಕ್ಕಿ: ಬಾಲ್ಕನಿಯಿಂದ ವಸಂತ ನೋಡೋದು, ಫೋಟೋ ತೆಗೆಯೋದು

(ನಮ್ಮ ಚಾನೆಲ್‌ನ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ನಾನು ಪುಣೆಯಿಂದ ಮಾತಾಡ್ತಾ ಇದೀನಿ. ಊರು ತಿಪಟೂರು, ಕೆಲಸ ಐಟಿ, ಪುಣೆಗೆ ಬಂದು 11 ವರ್ಷ ಆಯ್ತು. ಹಿತ್ತಲಿನ ಜೀವಿಗಳ ಬಗ್ಗೆ, ಅವುಗಳ ಫೋಟೋ ತೆಗೆಯೋದರ ಬಗ್ಗೆ ಮಾತಾಡಿ ಅಂತ ಕೇಳಿದಾರೆ. ವಿಷಯ ಹೇಳಿದ ತಕ್ಷಣ ನಮ್ಮ ಟೀಮಿನ ಹುಡುಗ ಒಬ್ಬ ಅಂದ, "ಸಾರ್, ನಮಗೆ ಹಿತ್ತಲು ಎಲ್ಲಿಂದ ಬರಬೇಕು? ನಮಗಿರೋದು ಟೂ ಬಿಎಚ್‌ಕೆ, ಅದೂ ಬಾಡಿಗೆಗೆ."

ಸರಿಯಾದ ಮಾತೇ. ಆದ್ರೆ ಲೆಕ್ಕ ಹಾಕಿ ನೋಡಿ. ಬಾಲ್ಕನಿ ಇದೆ. ಪುಣೆಯವರು 'ಡ್ರೈ ಬಾಲ್ಕನಿ' ಅನ್ನೋ, ಬೆಂಗಳೂರಿನವರು ಯುಟಿಲಿಟಿ ಅನ್ನೋ ಬಟ್ಟೆ ಒಣಗಿಸೋ ಜಾಗ ಇದೆ. ಎಸಿಯ ಔಟ್‌ಡೋರ್ ಯೂನಿಟ್ ಇಟ್ಟಿರೋ ಕಟ್ಟೆ ಇದೆ. ಕೆಳಗೆ ಕಾಂಪೌಂಡ್ ಗೋಡೆ, ಟ್ರಾನ್ಸ್‌ಫಾರ್ಮರ್ ಹಿಂದೆ ಯಾರೂ ಹೋಗದ ಒಂದು ಮೂಲೆ, ಆ ಮೂಲೇಲಿ ತಾನೇ ಬೆಳೆದ ಒಂದು ಔಡಲದ ಗಿಡ. ಇದೆಲ್ಲಾ ಸೇರಿ ನಮ್ಮ ಹಿತ್ತಲು. ನಿಮ್ಮ ಹೆಸರಲ್ಲಿ ಖಾತೆ ಆಗಿದೆಯೋ ಇಲ್ವೋ ಅಂತ ಹಕ್ಕಿ ಕೇಳಲ್ಲ. ಬಾಡಿಗೆ ಕರಾರು 11 ತಿಂಗಳದ್ದಾದ್ರೂ ಅದಕ್ಕೆ ಗೂಡಿಗೆ ಬೇಕಾಗಿರೋದು ಬರೀ ಒಂದೂವರೆ ತಿಂಗಳು.

ಮೊದಲು ವಸಂತ ಅಂದ್ರೆ ಯಾವಾಗ ಅನ್ನೋದು ಹೇಳಿಬಿಡ್ತೀನಿ. ಪಂಚಾಂಗದ ವಸಂತ ಯುಗಾದಿಗೆ ಶುರು, ಇಲ್ಲಿನವರಿಗೆ ಅದೇ ದಿನ ಗುಡಿಪಾಡ್ವ. ಆದ್ರೆ ಮರಗಳು, ಹಕ್ಕಿಗಳು ಅಷ್ಟು ದಿನ ಕಾಯಲ್ಲ. ಪುಣೆಯಲ್ಲಿ ಫೆಬ್ರವರಿಗೇ ಕೆಂಪು ಬೂರುಗ ಎಲೆ ಉದುರಿಸಿ ಬರೀ ಹೂವಲ್ಲಿ ನಿಂತಿರುತ್ತೆ. ಹಿಂದೆಯೇ ಮುತ್ತುಗ. ಆ ಹೂವಿನ ಮರಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂದು ಗಲಾಟೆ ಮಾಡುತ್ತೆ. ಅವು ನಮ್ಮ ಹಾಗೆ ಬೇರೆ ಊರಿನವು, ಚಳಿಗಾಲ ಇಲ್ಲಿ ಕಳೆದು ಮಧ್ಯ ಏಷ್ಯಾ ಕಡೆ ವಾಪಸ್ ಹೊರಡೋ ತಯಾರಿಯಲ್ಲಿರ್ತವೆ. ಮಾರ್ಚಿಗೆ ಹೊಂಗೆ ಚಿಗುರುತ್ತೆ. ಇಲ್ಲಿ ಅದಕ್ಕೆ ಕರಂಜ ಅಂತಾರೆ. ದಿಲ್ಲಿಯಲ್ಲಿರೋರಿಗೆ ಈ ಸಮಯ ಇನ್ನೂ ಚಿಕ್ಕದು, ಚಳಿ ಹೋಯ್ತು ಅನ್ನೋಷ್ಟರಲ್ಲಿ ಬಿಸಿಲು ಬಂದಿರುತ್ತೆ. ಚೆನ್ನೈಯವರಿಗೆ ವಸಂತ ಬೇಸಿಗೆ ಎರಡೂ ಒಂದೇ ಅನ್ನಿಸಬಹುದು. ಆದ್ರೂ ನಿಮ್ಮ ಕಿಟಕಿ ಆಚೆ ಒಂದು ಹಕ್ಕಿ ಬಾಯಲ್ಲಿ ನಾರು ಕಚ್ಕೊಂಡು ಹೋಗೋದು ಕಂಡ್ರೆ, ಅಲ್ಲಿಗೆ ಶುರು ಆಯ್ತು ಅಂತ.

ನಮಗೆ ಅದು ಅಪ್ರೈಸಲ್ ಸಮಯ, ಕ್ವಾರ್ಟರ್ ಎಂಡ್. ತಲೆ ಎತ್ತೋಕೂ ಪುರುಸೊತ್ತಿರಲ್ಲ. ಹಾಗಾಗೇ ಇದು ಎಷ್ಟೋ ವರ್ಷ ನಮ್ಮ ಕಣ್ಣೆದುರೇ ನಡೆದರೂ ನಮಗೆ ಕಾಣಲ್ಲ.

ನಮ್ಮ ಮನೆ ಮೂರನೇ ಮಹಡಿ. ಬಾಲ್ಕನಿಯಲ್ಲಿ ಒಂದು ಒಣಗಿದ ಬೋಗನ್‌ವಿಲ್ಲಾ ಬಳ್ಳಿ ಗ್ರಿಲ್ಲಿಗೆ ಸುತ್ಕೊಂಡು ಉಳಿದಿತ್ತು. ಒಂದು ಫೆಬ್ರವರಿಯಲ್ಲಿ ಅದರ ತುದಿಗೆ ಜೇಡರ ಬಲೆ, ಕಸ, ತರಗೆಲೆ ಚೂರು ನೇತಾಡ್ತಾ ಇತ್ತು. ಮನೆ ಕೆಲಸಕ್ಕೆ ಬರೋ ಮಾವಶಿ ಪೊರಕೆ ಎತ್ತಿದ್ರು. ಊರಿಂದ ಬಂದಿದ್ದ ನಮ್ಮಮ್ಮ ತಡೆದ್ರು. ಇವರಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಕೈಸನ್ನೆಯಲ್ಲೇ ಹೇಳಿದ್ರು, ಇರಲಿ, ಅದು ಗೂಡು.

ಸೂರಕ್ಕಿ ಗೂಡು ನೋಡೋಕೆ ಹಾಗೇ ಇರುತ್ತೆ, ಯಾರೋ ಗುಡಿಸೋದು ಮರೆತ ಕಸದ ಗಂಟಿನ ಹಾಗೆ. ಅದೇ ಅದರ ರಕ್ಷಣೆ. ಹೆಣ್ಣು ಹಕ್ಕಿ ಒಂದೇ ಕಟ್ಟುತ್ತೆ. ಮೊದಲು ಜೇಡರ ಬಲೆ ತಂದು ಕೊಂಬೆಗೆ ಅಂಟಿಸುತ್ತೆ. ಆ ನೂಲೇ ಅದಕ್ಕೆ ಹಗ್ಗ, ಅದೇ ಅಂಟು. ಆಮೇಲೆ ಹುಲ್ಲು, ತೊಗಟೆ ಚೂರು, ಒಣಗಿದ ಹೂವು. ಉದ್ದ ಚೀಲದ ಆಕಾರ ಬಂದ ಮೇಲೆ ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಹಳ್ಳಿ ಮನೆಯ ಸೂರಿನ ಹಾಗೆ ಮುಂದಕ್ಕೆ ಚಾಚಿದ ಒಂದು ಮಾಡು. ಒಳಗೆ ಮೆತ್ತಗಿನ ಹತ್ತಿ. ಕೊನೆಗೆ ತಾನೇ ಒಳಗೆ ಕೂತು ಎದೆಯಿಂದ ಒತ್ತಿ ಒತ್ತಿ ಅಳತೆ ಸರಿ ಮಾಡ್ಕೊಳ್ಳುತ್ತೆ. ಎರಡು ಇಲ್ಲ ಮೂರು ಮೊಟ್ಟೆ. ಕಾವು ಕೂರೋದೂ ಅದೇ, ಸುಮಾರು ಎರಡು ವಾರ. ಮರಿಯಾದ ಮೇಲೆ ಗಂಡು ಬಂದು ಗುಟುಕು ಕೊಡೋಕೆ ಸೇರ್ಕೊಳ್ಳುತ್ತೆ. ಅಲ್ಲಿವರೆಗೂ ಅವನ ಕೆಲಸ ಎದುರಿನ ಕೇಬಲ್ ಮೇಲೆ ಕೂತು ಹಾಡೋದು. (ನಗು) ಹೌದು, ನಮ್ಮ ಮನೆಯವರೂ ಅದನ್ನೇ ಹೇಳಿದ್ರು.

ಆ ಗಂಡಿನ ಬಣ್ಣ ನೋಡಬೇಕು. ಮಿಕ್ಕ ಕಾಲದಲ್ಲಿ ಹೆಣ್ಣಿನ ಹಾಗೇ ಮಾಸಲು ಹಳದಿ, ಕತ್ತಿಂದ ಎದೆಗೆ ಇಳಿಯೋ ಒಂದು ಕಪ್ಪು ಗೆರೆ ಮಾತ್ರ ಗುರುತು. ಮರಿ ಮಾಡೋ ಕಾಲ ಬಂದಾಗ ಇಡೀ ಮೈ ನೀಲಿ, ನೇರಳೆ, ಹಸಿರು ಮಿಂಚೋ ಕಪ್ಪಾಗುತ್ತೆ. ಜನ ಮಕರಂದ ಕುಡಿಯೋ ಹಕ್ಕಿ ಅಂತಷ್ಟೇ ತಿಳ್ಕೊಂಡಿದಾರೆ. ಆದ್ರೆ ಮರಿಗಳಿಗೆ ಬರೀ ಸಿಹಿ ನೀರು ಸಾಲಲ್ಲ, ಹುಳ ಬೇಕು, ಜೇಡ ಬೇಕು. ಗೂಡು ಕಟ್ಟೋಕೂ ಜೇಡ ಬೇಕು, ಮರಿ ಸಾಕೋಕೂ ಜೇಡ ಬೇಕು. ಸೊಸೈಟಿಯಲ್ಲಿ ತಿಂಗಳಿಗೊಂದು ಸಲ ಕೀಟನಾಶಕ ಹೊಡೆಸೋರು ಇದನ್ನ ಯೋಚನೆ ಮಾಡಿರಲ್ಲ.

ಈಗ ಫೋಟೋ ವಿಷಯಕ್ಕೆ ಬರ್ತೀನಿ. ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ ಕೇಳೋರು ಬಹಳ. ಅದಕ್ಕೆ ಯೂಟ್ಯೂಬ್‌ನಲ್ಲಿ ಸಾವಿರ ವಿಡಿಯೋ ಇದಾವೆ, ನಾನು ಅದರಲ್ಲಿ ಸಮಯ ಕಳೆಯಲ್ಲ. ನಿಮ್ಮ ಫೋನಿಂದಲೇ ಶುರು ಮಾಡಿ. ಕಿಟಕಿಯ ಗಾಜು ಒರೆಸಿ, ಅದು ಒಂದು ಲೆನ್ಸ್ ಖರೀದಿಯಷ್ಟೇ ವ್ಯತ್ಯಾಸ ತರುತ್ತೆ. ಕೋಣೆ ಲೈಟ್ ಆರಿಸಿ, ಫೋನನ್ನ ಗಾಜಿಗೆ ಪೂರ್ತಿ ಒತ್ತಿ ಹಿಡೀರಿ, ಆಗ ಪ್ರತಿಬಿಂಬ ಬರಲ್ಲ. ಫ್ಲ್ಯಾಶ್ ಆಫ್, ಶಟರ್ ಸದ್ದು ಆಫ್. ಬೆಳಿಗ್ಗೆ 9ರ ಒಳಗೆ ಬೆಳಕು ಮೆತ್ತಗಿರುತ್ತೆ, ಸ್ಟ್ಯಾಂಡ್‌ಅಪ್ ಕಾಲ್ ಕೂಡ ಇರಲ್ಲ.

ಕ್ಯಾಮೆರಾ ಇದ್ದೋರಿಗೆ ಎರಡು ಮಾತು. ಸೂರಕ್ಕಿ ಒಂದು ಕಡೆ ಅರ್ಧ ಸೆಕೆಂಡ್ ನಿಲ್ಲಲ್ಲ, ಶಟರ್ 1/1000ಕ್ಕಿಂತ ಕಮ್ಮಿ ಇಡಬೇಡಿ. ಗಂಡು ಹಕ್ಕಿ ಕಪ್ಪಾಗಿರೋದರಿಂದ ಕ್ಯಾಮೆರಾ ಮೋಸ ಹೋಗುತ್ತೆ, ಬೆಳಕು ಕಮ್ಮಿ ಇದೆ ಅಂತ ತಿಳ್ಕೊಂಡು ಫೋಟೋವನ್ನ ಬೆಳ್ಳಗೆ ಮಾಡುತ್ತೆ, ಆ ಮಿಂಚು ಹೋಗಿಬಿಡುತ್ತೆ. ಎಕ್ಸ್‌ಪೋಷರನ್ನ ಸ್ವಲ್ಪ ಕೆಳಗೆ ಇಳಿಸಿ. ಹಿಂದೆ ಆಕಾಶ ಇದ್ರೆ ಉಲ್ಟಾ, ಸ್ವಲ್ಪ ಮೇಲೆ ಏರಿಸಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಪಶ್ಚಿಮಕ್ಕೆ ಮುಖ ಮಾಡಿರೋ ಬಾಲ್ಕನಿಗೆ ಬೆಳಿಗ್ಗೆ ಒಳ್ಳೇದು, ಪೂರ್ವದ್ದಕ್ಕೆ ಸಂಜೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಫೋಟೋ ತೆಗೆಯುವಾಗ ಆ ಜೀವಿ ತಾನು ಮಾಡ್ತಾ ಇದ್ದ ಕೆಲಸ ಬಿಟ್ಟಿತಾ? ಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ನೀವು ಕ್ಯಾಮೆರಾ ಎತ್ತಿದಾಗ ಹೆಣ್ಣು ಸೂರಕ್ಕಿ ಬಾಯಲ್ಲಿ ಹುಳ ಇಟ್ಕೊಂಡು ಗೂಡಿಗೆ ಬರದೆ ಗ್ರಿಲ್ ಮೇಲೆ ಅತ್ತಿತ್ತ ಹಾರ್ತಾ ಇದೆ ಅಂದ್ರೆ, ಮರಿ ಹಸಿದಿದೆ, ಅದಕ್ಕೆ ಕಾರಣ ನೀವು. ಒಳಗೆ ಹೋಗಿ, ಪರದೆ ಎಳೀರಿ.

ಗೂಡಿಗೆ ಅಡ್ಡ ಬಂದ ಎಲೆಯನ್ನ ಫೋಟೋಗೋಸ್ಕರ ಸರಿಸೋರಿದಾರೆ, ಕೊಂಬೆ ಕಟ್ಟೋರೂ ಇದಾರೆ. ಆ ಎಲೆ ಇದ್ದದ್ದೇ ಕಾಗೆಗೆ ಕಾಣಬಾರದು ಅಂತ. ಅಪಾರ್ಟ್‌ಮೆಂಟ್ ಕಾಗೆಗಳು ನಮ್ಮನ್ನೇ ನೋಡ್ತಾ ಇರ್ತವೆ. ನಾವು ದಿನಾ ಒಂದೇ ಜಾಗಕ್ಕೆ ಹೋಗಿ ಬಗ್ಗಿ ನೋಡ್ತೀವಿ ಅಂದ್ರೆ ಅಲ್ಲೇನೋ ಇದೆ ಅಂತ ಅವಕ್ಕೆ ಗೊತ್ತಾಗುತ್ತೆ. ಮರಿಗಳಿಗೆ ಪುಕ್ಕ ಪೂರ್ತಿ ಬರ್ತಾ ಇರೋ ಕೊನೇ ದಿನಗಳಲ್ಲಂತೂ ಹತ್ತಿರ ಹೋಗಲೇಬೇಡಿ. ಹೆದರಿದರೆ ಹಾರೋಕೆ ಮುಂಚೆಯೇ ಹೊರಗೆ ಹಾರಿಬಿಡ್ತವೆ. ಮೂರನೇ ಮಹಡಿಯಿಂದ ಕೆಳಗೆ ಏನಿರುತ್ತೆ? ಪಾರ್ಕಿಂಗ್, ಬೆಕ್ಕು.

ಫೋನಲ್ಲಿ ಅದೇ ಹಕ್ಕಿ ಕೂಗನ್ನ ಹಾಕಿ ಕರೆಸೋದೂ ಹಾಗೇ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಜಗಳಕ್ಕೆ ಬರುತ್ತೆ. ನಿಮಗೆ ಚೆಂದದ ಫೋಟೋ, ಅದಕ್ಕೆ ಸುಮ್ಮನೆ ಶ್ರಮ. ಕನ್ನಡಿ ವಿಷಯ ಇದಕ್ಕಿಂತ ವಿಚಿತ್ರ. ಈ ಕಾಲದಲ್ಲಿ ಗಂಡು ಸೂರಕ್ಕಿ ಬೈಕಿನ ಕನ್ನಡಿಯಲ್ಲಿ ತನ್ನನ್ನೇ ನೋಡಿ ವೈರಿ ಅಂತ ಕುಕ್ಕುತ್ತೆ, ದಿನಗಟ್ಟಲೆ. ಜನ ಅದನ್ನ ರೀಲ್ಸ್ ಮಾಡಿ 'ಸೆಲ್ಫಿ ಪಕ್ಷಿ' ಅಂತ ಹಾಕ್ತಾರೆ. ಒಂದು ಕರ್ಚೀಫ್ ತಗೊಂಡು ಕನ್ನಡಿ ಮುಚ್ಚಿ ಸಾಕು.

ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆ ಕಡೆ ಹಕ್ಕಿ ಫೋಟೋ ತೆಗೀತಿದ್ದ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ತೊಳೆಸಿ ಬರೋವರೆಗೂ ಏನು ಬಂದಿದೆ ಗೊತ್ತಿಲ್ಲ. ಹಾಗಾಗಿ ಆ ಕಾಲದವರು ನೋಡೋದೇ ಜಾಸ್ತಿ, ಒತ್ತೋದು ಕಮ್ಮಿ. ನಾವು ಒಂದು ಬರ್ಸ್ಟಲ್ಲಿ 36 ಹೊಡೀತೀವಿ, ಒಂದನ್ನೂ ತಿರುಗಿ ನೋಡಲ್ಲ. ಭಾನುವಾರ ಬೆಳಿಗ್ಗೆ 15 ನಿಮಿಷ ಫೋನ್ ಒಳಗಿಟ್ಟು ಬರೀ ಕಾಫಿ ಲೋಟ ಹಿಡ್ಕೊಂಡು ಕೂತು ನೋಡಿ. 15 ಅಂತ ಯಾಕೆ ಹೇಳ್ದೆ ಅಂದ್ರೆ, ಫೆಬ್ರವರಿಯಲ್ಲಿ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, 2013ರಿಂದ ಭಾರತದಲ್ಲೂ ಇದೆ. ಅದರಲ್ಲೂ ಕೇಳೋದು ಅಷ್ಟೇ, ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನ ಇ-ಬರ್ಡ್ ಆ್ಯಪಲ್ಲಿ ಬರೀರಿ ಅಂತ. ಪಾರಿವಾಳ, ಕಾಗೆ ಕೂಡ ಲೆಕ್ಕಕ್ಕೆ ಬರ್ತವೆ. ಕೂಗು ಕೇಳಿಸ್ಕೊಂಡು ಹೆಸರು ಹೇಳೋಕೆ ಮರ್ಲಿನ್ ಆ್ಯಪ್ ಇದೆ, ಉಚಿತ. ಆದ್ರೆ ಅದು ಹೇಳಿದ್ದನ್ನೆಲ್ಲಾ ನಂಬಬೇಡಿ, ಕಣ್ಣಲ್ಲಿ ನೋಡಿ ಖಾತ್ರಿ ಮಾಡ್ಕೊಳ್ಳಿ. ಟೆಸ್ಟಿಂಗ್ ಮಾಡೋರಿಗೆ ಇದು ಹೇಳಬೇಕಾಗಿಲ್ಲ.

ಹೆಸರಿನ ವಿಷಯ ಬಂತು. ನಮ್ಮ ಸೊಸೈಟಿ ತೋಟ ನೋಡ್ಕೊಳ್ಳೋ ಮಾಳಿಕಾಕಾಗೆ ಇಂಗ್ಲಿಷ್ ಹೆಸರು ಒಂದೂ ಗೊತ್ತಿಲ್ಲ, ಹಕ್ಕಿಗಳು ಎಲ್ಲಾ ಗೊತ್ತು. ಎಲೆ ಹೊಲಿದು ಗೂಡು ಮಾಡೋ ಪುಟ್ಟ ಹಕ್ಕಿಗೆ ಅವರು ಶಿಂಪಿ ಅಂದ್ರು. ನಮ್ಮಲ್ಲಿ ಸಿಂಪಿಗ. ಎರಡಕ್ಕೂ ಅರ್ಥ ದರ್ಜಿ ಅಂತಲೇ. ಬೇಸಿಗೆ ಮಧ್ಯಾಹ್ನ ಟುಕ್ ಟುಕ್ ಟುಕ್ ಅಂತ ಪಾತ್ರೆ ಬಡಿದ ಹಾಗೆ ಕೂಗೋ ಹಸಿರು ಹಕ್ಕಿ, ಹಣೆ ಕೆಂಪು. ಅದು ಅವರಿಗೆ ತಾಂಬಟ್, ತಾಮ್ರ ಬಡಿಯೋನು. ನಮ್ಮಲ್ಲಿ ಕಂಚುಗಾರ ಹಕ್ಕಿ. ಲೋಹ ಬದಲಾಯ್ತು, ಸುತ್ತಿಗೆ ಅದೇ. ಚೆನ್ನೈಯವರು ನಿಮ್ಮ ಪಕ್ಕದ ಮನೆಯವರನ್ನ ಕೇಳಿ ನೋಡಿ, ನಮ್ಮ ಕೆಂಬೂತಕ್ಕೆ ಅವರು ಸೆಂಬೋತ್ತು ಅಂತಾರೆ, ಒಂದೇ ಬೇರಿನ ಮಾತು. ಮರಾಠಿಯಲ್ಲಿ ಅದೇ ಹಕ್ಕಿ ಭಾರದ್ವಾಜ. 11 ವರ್ಷದಲ್ಲಿ ಕ್ಯಾಬ್, ಭಾಜಿ, ಬಿಲ್ ಬಿಟ್ಟು ನಾನು ಮರಾಠಿಯಲ್ಲಿ ಉದ್ದ ಮಾತಾಡಿದ್ದು ಅಂದ್ರೆ ಮಾಳಿಕಾಕಾ ಜೊತೆ ಈ ಹಕ್ಕಿಗಳ ಬಗ್ಗೆಯೇ.

ಆ ತಾಂಬಟ್‌ನಿಂದಲೇ ನಮ್ಮ ಸೊಸೈಟಿಯಲ್ಲಿ ದೊಡ್ಡ ಚರ್ಚೆ ಆಯ್ತು, ಅದನ್ನ ಹೇಳಬೇಕು.

ಎಲ್ಲಾ ಸೊಸೈಟಿಗಳಲ್ಲೂ ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಮರದ ಕೊಂಬೆ ಕಡಿಸ್ತಾರೆ. ಕಾರಣ ಇದೆ. ಹಿಂದಿನ ಜೂನ್‌ನಲ್ಲಿ ಗುಲ್‌ಮೊಹರ್ ಕೊಂಬೆ ಒಂದು ಕಾರಿನ ಮೇಲೆ ಬಿದ್ದಿತ್ತು. ಕಾರಲ್ಲಿ ಯಾರೂ ಇರಲಿಲ್ಲ, ಪುಣ್ಯ. ಹಾಗಾಗಿ ಈ ಸಲ ಒಣ ಕೊಂಬೆ ಎಲ್ಲಾ ತೆಗೆಸೋದು ಅಂತ ಕಮಿಟಿ ತೀರ್ಮಾನ ಮಾಡ್ತು. ತೊಂದರೆ ಏನಂದ್ರೆ, ಕಂಚುಗಾರ ಹಕ್ಕಿ ಗೂಡು ಕೊರೆಯೋದೇ ಒಣಗಿದ, ಮೆತ್ತಗಾದ ಕೊಂಬೆಯಲ್ಲಿ. ಕೊಂಬೆಯ ಕೆಳಮುಖಕ್ಕೆ ಒಂದು ದುಂಡನೆ ತೂತು, ಒಳಗೆ ಮರಿ. ಕೆಳಗೆ ನಿಂತೋರಿಗೆ ಅದು ಬರೀ ಸತ್ತ ಕೊಂಬೆ. ಗರಗಸ ಹಿಡಿದೋನಿಗಂತೂ ಮೇಲಿಂದ ಆ ತೂತೇ ಕಾಣಲ್ಲ.

ಸೆಕ್ರೆಟರಿ ಒಳ್ಳೆ ಮನುಷ್ಯರೇ. "ಹಕ್ಕಿಗೋಸ್ಕರ ನಾಳೆ ಮಗು ಮೇಲೆ ಕೊಂಬೆ ಬಿದ್ರೆ ಯಾರು ಜವಾಬ್ದಾರಿ?" ಅಂದ್ರು. ಈ ಪ್ರಶ್ನೆಗೆ "ಪರಿಸರ ಪರಿಸರ" ಅಂತ ಭಾಷಣ ಮಾಡಿದ್ರೆ ಉತ್ತರ ಆಗಲ್ಲ. ನಮ್ಮ ಹತ್ರ ಇದ್ದದ್ದು ಫೋಟೋ. ಫೆಬ್ರವರಿಯಿಂದ ಬಾಲ್ಕನಿಯಿಂದ ತೆಗೆದದ್ದು, ನನ್ನದು, ಬಿ ವಿಂಗ್‌ನ ಇಬ್ಬರು ಮಕ್ಕಳದು, ಒಬ್ಬರು ನಿವೃತ್ತ ಅಜ್ಜಿಯದು. ಸುಂದರ ಫೋಟೋ ಅಂತ ಒಂದೂ ಇರಲಿಲ್ಲ. ಅರ್ಧ ಮಸುಕು. ಆದ್ರೆ ಪ್ರತಿಯೊಂದರಲ್ಲೂ ದಿನಾಂಕ, ಸಮಯ ಇತ್ತು. ತೂತು ಕೊರೀತಾ ಇರೋದು, ಒಂದು ಒಳಗೆ ಹೋದಾಗ ಇನ್ನೊಂದು ಕಾಯೋದು, ಬಾಯಲ್ಲಿ ಹಣ್ಣು ತರೋದು. ಹಣ್ಣು ತರ್ತಾ ಇದೆ ಅಂದ್ರೆ ಮರಿ ಇದೆ ಅಂತ ಅರ್ಥ. ಅದನ್ನ ಮರದ ನಕ್ಷೆ ಮೇಲೆ ಗುರುತು ಮಾಡಿ, ಎಕ್ಸೆಲ್ ಶೀಟ್ ಮಾಡಿ ಕೊಟ್ವಿ. ಐಟಿಯವರು ಬೇರೆ ಏನು ಮಾಡ್ತೀವಿ. ಕಾರು, ಮಕ್ಕಳು ಓಡಾಡೋ ಜಾಗದ ಮೇಲಿರೋ ಕೊಂಬೆಗಳು ಒಂದು ಪಟ್ಟಿ. ಹೂವಿನ ಪಾತಿ, ಟ್ರಾನ್ಸ್‌ಫಾರ್ಮರ್ ಮೂಲೆಯ ಮೇಲಿರೋವು ಇನ್ನೊಂದು. ಗೂಡಿದ್ದದ್ದು ಐದು ಕಡೆ. ಅದರಲ್ಲಿ ಕಾರಿನ ಮೇಲಿದ್ದದ್ದು ಎರಡು ಮಾತ್ರ.

ಕಾನೂನೂ ಇದೆ. ಮಹಾರಾಷ್ಟ್ರದ ನಗರಗಳಲ್ಲಿ ಮರಗಳಿಗೆ 1975ರ ಕಾಯ್ದೆ, ಕರ್ನಾಟಕದಲ್ಲಿ 1976ರದ್ದು. ಮರ ಕಡಿಯೋಕೆ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಿತ ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡೋದು, ಗೂಡಿಗೆ ತೊಂದರೆ ಕೊಡೋದು ಬೇಟೆ ಅನ್ನೋ ಪದದ ವ್ಯಾಖ್ಯೆಯಲ್ಲೇ ಬರುತ್ತೆ. ಬಂದೂಕು ಹಿಡೀಬೇಕು ಅಂತಿಲ್ಲ. ಆದ್ರೆ ನನ್ನ ಸಲಹೆ, ಮೀಟಿಂಗಲ್ಲಿ ಕಾನೂನಿಂದ ಶುರು ಮಾಡಬೇಡಿ. ನೆರೆಯವರು ಎದುರಾಳಿ ಆಗಿಬಿಡ್ತಾರೆ, ಮುಂದಿನ ವರ್ಷವೂ ಅವರ ಜೊತೆಯೇ ಇರಬೇಕು. ಮೊದಲು ಫೋಟೋ ತೋರಿಸಿ.

ಕೊನೆಗೆ ಏನಾಯ್ತು ಅಂದ್ರೆ, ಮೂರು ಕೊಂಬೆ ಮರಿ ಹಾರೋವರೆಗೂ ಉಳೀತು. ಕೆಳಗೆ ಹಳದಿ ಟೇಪ್ ಕಟ್ಟಿದ್ರು. ಕಾರಿನ ಮೇಲಿದ್ದ ಎರಡರಲ್ಲಿ ಒಂದಕ್ಕೆ ಎರಡು ವಾರ ಕಾರು ಬೇರೆ ಕಡೆ ನಿಲ್ಲಿಸೋಕೆ ಒಬ್ಬ ಪಂಜಾಬಿ ಅಂಕಲ್ ಒಪ್ಪಿದ್ರು. ಇನ್ನೊಂದು ಹೋಯ್ತು. ಬಾದಾಮಿ ಮರದಲ್ಲಿದ್ದ ಪಿಕಳಾರ ಗೂಡು, ಎರಡು ಮೊಟ್ಟೆ. ಕೊಂಬೆ ಕೆಳಗೆ ಬಿದ್ದ ಮೇಲೂ ಆ ಜೋಡಿ ಸಂಜೆವರೆಗೂ ಆ ಖಾಲಿ ಜಾಗದ ಸುತ್ತ ಹಾರ್ತಾ ಇತ್ತು. ಅದರ ಫೋಟೋವನ್ನೂ ಒಂದು ಮಗು ತೆಗೀತು. ಅದೂ ಶೀಟಲ್ಲಿ ಇದೆ, ದಿನಾಂಕದ ಸಮೇತ. ಈ ವರ್ಷ ಕಮಿಟಿ ಕಾರಿನ ಜಾಗದ ಮೇಲಿನ ಒಣ ಕೊಂಬೆಗಳನ್ನ ಡಿಸೆಂಬರ್‌ನಲ್ಲೇ ತೆಗೆಸ್ತು, ಗೂಡು ಶುರುವಾಗೋ ಮುಂಚೆ. ಎಕ್ಸೆಲ್ ನೋಡಿ ಆ ತಿಂಗಳು ಆರಿಸಿದ್ದು ಸೆಕ್ರೆಟರಿಯವರೇ.

ಒಂದು ಚಿಕ್ಕ ತಾಂತ್ರಿಕ ಮಾತು. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಒಳಗಿನ ದಿನಾಂಕದ ಮಾಹಿತಿ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲ ಡ್ರೈವ್‌ಗೆ ಹಾಕಿ. ಹೊರಗಿನ ಜನ ನೋಡೋ ಕಡೆ ಹಾಕುವಾಗ ಮಾತ್ರ ಗೂಡಿನ ಜಾಗ ಹೇಳಬೇಡಿ, ಲೊಕೇಶನ್ ತೆಗೆದುಬಿಡಿ.

ಹಕ್ಕಿ ಬಿಟ್ಟು ಬೇರೆ? ಬಹಳ ಇದೆ, ಬೇಗ ಹೇಳಿಬಿಡ್ತೀನಿ. ಕುಂಡದಲ್ಲಿ ಕರಿಬೇವು ಇದ್ರೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂಗಿರೋದನ್ನ ಒರೆಸಬೇಡಿ, ಅದು ಚಿಟ್ಟೆಯ ಮರಿಹುಳ. ದೊಡ್ಡದಾದ ಮೇಲೆ ಎಲೆಯ ಹಸಿರು ಬಣ್ಣಕ್ಕೆ ತಿರುಗುತ್ತೆ. ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕವಲು ಕೊಂಬು ಹೊರಗೆ ಬಿಡುತ್ತೆ, ಘಾಟು ವಾಸನೆ. ಸಾರಿಗೆ ನಾಲ್ಕು ಎಸಳು ಕಮ್ಮಿ ಆಗುತ್ತೆ, ಪರವಾಗಿಲ್ಲ. ಕಾಂಪೌಂಡ್ ಗೋಡೆ ಮೇಲೆ ಓತಿಕ್ಯಾತ ತಲೆ, ಕತ್ತು ಕೆಂಪು ಮಾಡ್ಕೊಂಡು ದಂಡ ಹೊಡೀತಾ ಇದ್ರೆ ಅದಕ್ಕೆ ವಿಷ ಇಲ್ಲ, ರಕ್ತ ಹೀರಲ್ಲ, ಅದು ಹೆಣ್ಣಿಗೆ ತೋರಿಸ್ಕೊಳ್ತಾ ಇದೆ. ಮಕ್ಕಳು ಕಲ್ಲು ಹೊಡೆಯೋದನ್ನ ಮಾತ್ರ ನಿಲ್ಲಿಸಿ. ಹೊಸಬರಿಗೆ ಫೋಟೋಗೆ ಅದಕ್ಕಿಂತ ಒಳ್ಳೆ ಮಾದರಿ ಇಲ್ಲ, ಐದು ನಿಮಿಷ ಅಲ್ಲಾಡಲ್ಲ.

ನೀರಿಡಿ. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳು ಆಳ ಸಾಕು, ಮಧ್ಯೆ ಒಂದು ಕಲ್ಲು. ದಿನಾ ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ ಸಾಕಿದ ಹಾಗೆ. ಕಾಳು ಹಾಕೋದು ನಾನು ಹೇಳಲ್ಲ, ಬರೋದು ಪಾರಿವಾಳವೇ. ಮುಂಬೈಯವರಿಗೆ ಕಬೂತರ್‌ಖಾನಾ ಗಲಾಟೆ ನೆನಪಿರಬೇಕು, 2025ರಲ್ಲಿ ಹೈಕೋರ್ಟ್‌ವರೆಗೂ ಹೋಯ್ತು. ಪಾರಿವಾಳಕ್ಕೆ ಬಲೆ ಕಟ್ಟಿಸೋರು ಬಿಗಿಯಾಗಿ ಕಟ್ಟಿಸಿ, ತುದಿ ದಾರ ಜೋತಾಡೋಕೆ ಬಿಡಬೇಡಿ, ಚಿಕ್ಕ ಹಕ್ಕಿ ಕಾಲು ಸಿಕ್ಕಿಬೀಳುತ್ತೆ.

ಈಗ ಕೋಗಿಲೆ ಶುರು ಮಾಡಿದೆ, ಬೆಳಗಿನ ಜಾವ ನಾಲ್ಕಕ್ಕೇ. ಅಮೆರಿಕ ಶಿಫ್ಟ್ ಮುಗಿಸಿ ಮಲಗೋರು ಬೈಕೋತೀರಾ, ಗೊತ್ತು. ಕೂಗ್ತಾ ಇರೋದು ಕಪ್ಪು ಗಂಡು. ಮೈಮೇಲೆ ಚುಕ್ಕೆ ಇರೋ ಕಂದು ಬಣ್ಣದ ಹೆಣ್ಣು ಸದ್ದಿಲ್ಲದೆ ಕಾಗೆ ಗೂಡು ಹುಡುಕ್ತಾ ಇರುತ್ತೆ. ಕಾಗೆಗಳು ಇನ್ನೊಂದು ತಿಂಗಳಲ್ಲಿ ಕಡ್ಡಿ, ಕಬ್ಬಿಣದ ತಂತಿ ತರೋಕೆ ಶುರು ಮಾಡ್ತವೆ. ಕೇಬಲ್‌ನವನು ಬಿಟ್ಟುಹೋದ ತಂತಿ ತುಂಡು ಎಲ್ಲಿಗೆ ಹೋಗುತ್ತೆ ಅಂತ ನೋಡಿ, ಗೂಡು ಸಿಗುತ್ತೆ. ಅದನ್ನ ಕಿಟಕಿಯಿಂದಲೇ ಗಮನಿಸ್ತಾ ಇದ್ರೆ ಜೂನ್ ಹೊತ್ತಿಗೆ ಕಾಗೆ ತನ್ನದಲ್ಲದ ಮರಿಗೆ ಗುಟುಕು ಕೊಡೋ ಫೋಟೋ ಸಿಗಬಹುದು. ನನಗೆ ಇನ್ನೂ ಸಿಕ್ಕಿಲ್ಲ.

ಚಾಟಲ್ಲಿ ಹೈದರಾಬಾದಿಂದ ಯಾರೋ ಆಗಲೇ ಒಂದು ಗೂಡಿನ ಪ್ರಶ್ನೆ ಹಾಕಿದೀರಿ, ಗೀಸರ್ ಪೈಪಿನ ಹತ್ರ ಅಳಿಲು ಹತ್ತಿ ತುಂಬ್ತಾ ಇದೆ ಅಂತ. ಅಲ್ಲಿಂದಲೇ ಶುರು ಮಾಡೋಣ.